ಮುಚ್ಚಲು ಬಾರದ ಪೆಟ್ಟಿಗೆ

ಯಾರೋ ಒಬ್ಬರಿಗೆ ನಾನು ಧನ್ಯವಾದ ಹೇಳಬೇಕಾಗಿದೆ. ಅವರು ಗಂಡೋ ಹೆಣ್ಣೋ ಗೊತ್ತಿಲ್ಲ, ಯಾವ ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಾರೋ ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಂದು ದಿನ ಅವರು ಒಂದು ಜಾಲತಾಣಕ್ಕಾಗಿ, ಏನು ಮಾಡಿದರೂ ಮುಚ್ಚಲು ಬಾರದಂಥ ಒಂದು ಪೆಟ್ಟಿಗೆ ಮಾಡಿಟ್ಟರು. ಅದು ನನ್ನ ಕಣ್ಣೆದುರು ತೆರೆದುಕೊಂಡ ದಿನ ನಾನು ಅವರಿಗೆ ಹಾಕಿದ ಶಾಪ ಒಂದೆರಡಲ್ಲ. ಈಗ ಅವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಆ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ.

ನಾನು ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಮನೆಯ ಕೆಳಗಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ಅಚ್ಚು ಹುಯ್ದು, ಮೇಣದಲ್ಲಿ ವಸಡು ಕಟ್ಟಿ, ಮೇಲೆ ಹದಿನಾಲ್ಕು ಕೆಳಗೆ ಹದಿನಾಲ್ಕು ಹಲ್ಲು ಕೂರಿಸುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನಮ್ಮ ಸುತ್ತಮುತ್ತಲಿನ ಎಷ್ಟೋ ಜನ ನಗುವುದು ನನ್ನ ಹಲ್ಲಿನಿಂದ. ನನಗೆ ಮಾತ್ರ ನಗು ಸ್ವಲ್ಪ ಕಡಿಮೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾನೆ. ಅವನು ಹಾಗೆ ಹೇಳಿದಾಗಲೆಲ್ಲ ನನಗೆ ಕೋಪ ಬರುತ್ತದೆ.

ಮೇಣದ ಕೆಲಸದಲ್ಲಿ ಒಂದು ಅಭ್ಯಾಸ ಕೈಗೆ ಅಂಟಿಕೊಳ್ಳುತ್ತದೆ. ಅಂಚಿನಲ್ಲಿ ಒಂದಿಷ್ಟು ಮೇಣ ಹೆಚ್ಚಾಗಿ ಉಬ್ಬಿದ್ದು ಕಂಡರೆ, ಅದು ಗಟ್ಟಿಯಾಗುವ ಮೊದಲೇ ಚಾಕುವಿನ ತುದಿಯಿಂದ ಹಾರಿಸಿಬಿಡಬೇಕು. ಯೋಚಿಸುತ್ತ ಕೂತರೆ ಕೆಲಸ ಕೆಟ್ಟಿತು. ಹಾಗಾಗಿ ನನ್ನ ಕೈ ಯೋಚಿಸುವುದಿಲ್ಲ. ಬಾಯಿಯೂ ಅದೇ ಜಾತಿಯದ್ದು. ಎದುರಿನವರು ಅರ್ಧ ಮಾತು ಆಡುವಷ್ಟರಲ್ಲಿ ಉಳಿದರ್ಧವನ್ನು ನಾನೇ ಆಡಿ ಮುಗಿಸಿರುತ್ತೇನೆ.

ನನ್ನ ಅಣ್ಣ ಇದಕ್ಕೆ ತದ್ವಿರುದ್ಧ. ಮೂವತ್ತೆರಡು ವರ್ಷ ಅವನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ ಮಾಡಿದ. ನಿಲ್ದಾಣದ ಮಹಡಿಯ ಮೇಲೆ ಒಂದು ಪುಟ್ಟ ಕೋಣೆ, ಒಂದು ಮೈಕು, ಕೆಳಗಿನ ಬಸ್ಸುಗಳೆಲ್ಲ ಕಾಣುವ ಒಂದು ಕಿಟಕಿ, ಒಂದು ಗಾಜಿನ ಕಿಂಡಿ. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಬರೆದ ಚೀಟಿಯನ್ನು ಕಿಂಡಿಯೊಳಗಿಂದ ತಳ್ಳುತ್ತಿದ್ದರು. ಪ್ರತಿ ಚೀಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ದಯವಿಟ್ಟು ಗಮನಿಸಿ’ ಎಂದು ಅಚ್ಚಾಗಿರುತ್ತಿತ್ತು. ಅಣ್ಣನದು ಒಂದು ಕ್ರಮ. ಚೀಟಿ ಬಂದ ತಕ್ಷಣ ಪೆನ್ನಿನಿಂದ ಮೈಕನ್ನು ಮೂರು ಸಲ ತಟ್ಟುವುದು. ಆಮೇಲೆ ಚೀಟಿಯನ್ನು ಮನಸ್ಸಿನಲ್ಲೇ ಎರಡು ಸಲ ಓದುವುದು. ಅದಾದ ಮೇಲೆಯೇ ಬಾಯಿ ತೆರೆಯುವುದು. ಕಿಂಡಿಯ ಆಚೆ ಯಾರು ಎಷ್ಟು ಅವಸರ ಮಾಡಿದರೂ ಅವನು ಎರಡನೇ ಸಲ ಓದದೆ ಉಸಿರು ಬಿಡುತ್ತಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಪ್ರಕಟಣೆಯನ್ನೂ ಅವನು ‘ತಿದ್ದುಪಡಿ’ ಎಂದು ಮತ್ತೆ ಹೇಳಿದ್ದಿಲ್ಲ.

ನಿಲ್ದಾಣದವರು ಅವನಿಗೆ ಇಟ್ಟ ಹೆಸರು ‘ಗಮನಿಸಿ’. ನನ್ನ ಮಗಳಿಗೆ ಅವನು ಗಮನಿಸಿ ಮಾಮ. ಮನೆಯಲ್ಲೂ ಅದೇ ಚಾಳಿ. ನಾವೆಲ್ಲ ಕೂತು ಹರಟುತ್ತಿದ್ದರೆ ಚಮಚದಿಂದ ಲೋಟಕ್ಕೆ ಮೂರು ಸಲ ತಟ್ಟಿ, “ದಯವಿಟ್ಟು ಗಮನಿಸಿ, ಒಲೆಯ ಮೇಲಿನ ಹಾಲು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ” ಎನ್ನುತ್ತಿದ್ದ. ಅತ್ತಿಗೆ ನಗುತ್ತ ಎದ್ದು ಓಡುತ್ತಿದ್ದಳು. ಅವಳು ಅದೇ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿದ್ದವಳು, ಈಗಲೂ ಇರುವವಳು. ಮುಖ ನೋಡುವ ಮೊದಲು ಎರಡು ವರ್ಷ ಅವನ ದನಿಯನ್ನಷ್ಟೇ ಕೇಳಿ ಮೆಚ್ಚಿಕೊಂಡವಳು. ಮಹಡಿಯಿಂದ ಇಳಿದು ಬಂದವನನ್ನು ಮೊದಲ ಸಲ ನೋಡಿ, “ದನಿ ಇನ್ನೂ ಸ್ವಲ್ಪ ಎತ್ತರ ಇತ್ತಲ್ಲ” ಎಂದಿದ್ದಳಂತೆ.

ನನಗೆ ಮಾತ್ರ ಆ ತಟ್ಟುವಿಕೆ ಕೇಳಿದರೆ ಮೈ ಉರಿಯುತ್ತಿತ್ತು. ಮಾತಿನ ಮಧ್ಯೆ ಬಾಯಿ ಹಾಕುವವರನ್ನು ನಾನು ಸಹಿಸುವುದಿಲ್ಲ. ನಾನು ಬೇರೆಯವರ ಮಾತಿನ ಮಧ್ಯೆ ಬಾಯಿ ಹಾಕುವುದು ಬೇರೆ ವಿಷಯ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ಹಲ್ಲಿನ ಪ್ರಯೋಗಾಲಯವೊಂದರಿಂದ ಕೆಲಸದ ಸಂದರ್ಶನಕ್ಕೆ ಕರೆ ಬಂತು. ನಿಲ್ದಾಣಕ್ಕೆ ಓಡಿ, ಮೊದಲು ಕಂಡ ಬಸ್ಸು ಹತ್ತಿ ಕೂತೆ. ಬಸ್ಸಿನವನು ಇಂಜಿನ್ ಶುರು ಮಾಡಿದ್ದ. ಆಗ ಇಡೀ ನಿಲ್ದಾಣಕ್ಕೆ ಕೇಳುವಂತೆ ಮೂರು ಸಲ ತಟ್ಟಿದ ಸದ್ದು. “ದಯವಿಟ್ಟು ಗಮನಿಸಿ. ಎರಡನೇ ಅಂಕಣದ ಬಸ್ಸಿನಲ್ಲಿ ಕಿಟಕಿಯ ಬಳಿ ಹಸಿರು ಕೊಡೆ ಹಿಡಿದು ಕೂತಿರುವ ಪ್ರಯಾಣಿಕರು ದಯವಿಟ್ಟು ಕೆಳಗಿಳಿಯಿರಿ. ನೀವು ಹೋಗಬೇಕಾದ ಬಸ್ಸು ಆರನೇ ಅಂಕಣದಲ್ಲಿದೆ.” ಬಸ್ಸಿನಲ್ಲಿದ್ದವರೆಲ್ಲ ನನ್ನ ಕೊಡೆಯನ್ನೇ ನೋಡಿದರು. ನಾನು ನಾಚಿಕೆಯಿಂದ ಸತ್ತು ಹೋದೆ. ಇಳಿದೆ, ಓಡಿದೆ, ಆರನೇ ಅಂಕಣದ ಬಸ್ಸು ಹಿಡಿದೆ. ಕೆಲಸ ಸಿಕ್ಕಿತು. ಆ ಕೆಲಸವೇ ಇವತ್ತಿಗೂ ನನ್ನ ಅನ್ನ. ಅಣ್ಣನ ಜೊತೆ ಮಾತ್ರ ಒಂದು ವಾರ ಮಾತು ಬಿಟ್ಟೆ, ಊರ ಮುಂದೆ ಮಾನ ಕಳೆದ ಎಂದು. ಥ್ಯಾಂಕ್ಸ್ ಎನ್ನುವ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಬರಬಹುದಿತ್ತು ಎಂದು ಹೊಳೆದದ್ದು ಅವನ ಮಾತು ನಿಂತ ಮೇಲೆ.

ನಿವೃತ್ತಿಯಾಗಿ ಒಂದು ವರ್ಷಕ್ಕೆ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ಪೂರ್ತಿ ಹೋಯಿತು. ಕಾಲು ನಿಧಾನವಾಗಿ ಮರಳಿತು. ಮಾತು ಮರಳಲಿಲ್ಲ. ದೊಡ್ಡ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು, “ಒಳಗೆ ಎಲ್ಲಾ ಇದೆ. ನೀವು ಹೇಳಿದ್ದು ಅರ್ಥ ಆಗುತ್ತೆ, ಓದಿದ್ದೂ ಅರ್ಥ ಆಗುತ್ತೆ. ಹೊರಗೆ ಬರೋ ದಾರಿ ಮಾತ್ರ ಕಟ್ಟಿಕೊಂಡಿದೆ. ಮೊದಲ ಒಂದು ವರ್ಷ ತುಂಬ ಮುಖ್ಯ, ಅಷ್ಟರೊಳಗೆ ಮಾತಿನ ತರಬೇತಿ ಶುರು ಮಾಡಿಸಿಬಿಡಿ” ಎಂದರು.

ನಮಗೆ ಎಟುಕುವ ದೂರದಲ್ಲಿ ಇದ್ದದ್ದು ಒಂದೇ ತರಬೇತಿ ಕೇಂದ್ರ. ಅಲ್ಲಿ ಹನ್ನೆರಡು ಜನರನ್ನು ಒಟ್ಟಿಗೆ ಕೂರಿಸಿ ಮೂರು ತಿಂಗಳು ಕಲಿಸುತ್ತಾರೆ. ಅರ್ಜಿ ಹಾಕುವುದು ಜಾಲತಾಣದಲ್ಲಿ ಮಾತ್ರ. ಮೂರು ತಿಂಗಳಿಗೊಮ್ಮೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಹನ್ನೆರಡು ಸ್ಥಾನ ತುಂಬಿದ ಕೂಡಲೇ ಮುಚ್ಚುತ್ತದೆ.

ಮೊದಲ ಸಲ ಪ್ರಯತ್ನಿಸಿದಾಗ ಅಣ್ಣನ ಮಾತು ಹೋಗಿ ಐದು ತಿಂಗಳಾಗಿತ್ತು. ಅತ್ತಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವನನ್ನು ನನ್ನ ಕೋಣೆಯಲ್ಲಿ ಬಿಟ್ಟು ಹೋಗುತ್ತಾಳೆ. ಅವನು ಕಿಟಕಿಯ ಬಳಿ ಕೂತು, ಎಡಗೈಯಲ್ಲಿ, ನನ್ನ ಹಲ್ಲುಗಳನ್ನು ಬಣ್ಣದ ಪ್ರಕಾರ ಡಬ್ಬಿಗಳಿಗೆ ಹಾಕಿಕೊಡುತ್ತಾನೆ. ಬಿಳುಪಿನಲ್ಲಿ ಹದಿನಾರು ಬಗೆ ಇವೆ, ನಾನೇ ಒಮ್ಮೊಮ್ಮೆ ತಪ್ಪುತ್ತೇನೆ, ಅವನು ತಪ್ಪುವುದಿಲ್ಲ. ಅವತ್ತು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ನನ್ನ ಮಗಳ ಹಳೆಯ ಲ್ಯಾಪ್‌ಟಾಪ್ ತೆರೆದೆ.

ಅರ್ಜಿ ಎಲ್ಲೋ ಹಿಂದೆ ಇತ್ತು. ಮುಂದೆ ಬರೀ ಪೆಟ್ಟಿಗೆಗಳು. ‘ಸ್ವಾಗತ’ ಎಂದು ಒಂದು ಪೆಟ್ಟಿಗೆ ಧುತ್ತೆಂದು ಎದ್ದಿತು. ಮುಚ್ಚಿದೆ. ‘ದಯವಿಟ್ಟು ಗಮನಿಸಿ, ನಮ್ಮ ಕುಕೀಗಳನ್ನು ಒಪ್ಪುತ್ತೀರಾ’ ಎಂದು ಇನ್ನೊಂದು. ಮುಚ್ಚಿದೆ. ‘ನಮ್ಮ ವಾರ್ತಾಪತ್ರಕ್ಕೆ ಚಂದಾದಾರರಾಗಿ.’ ‘ನಿಮಗೆ ಸೂಚನೆಗಳನ್ನು ಕಳಿಸಬಹುದೇ?’ ‘ನಮ್ಮ ಜಾಲತಾಣ ನಿಮಗೆ ಹೇಗೆನಿಸಿತು? ಐದರಲ್ಲಿ ಎಷ್ಟು ನಕ್ಷತ್ರ?’ ಇನ್ನೂ ಹೊಸಿಲು ದಾಟಿಲ್ಲ, ಆಗಲೇ ಮನೆ ಹೇಗಿದೆ ಹೇಳಿ ಎಂದರೆ ಏನು ಹೇಳುವುದು. ಮೂಲೆಯಿಂದ ಒಬ್ಬ ಹೆಂಗಸಿನ ಚಿತ್ರ ಮೇಲೆದ್ದು, ‘ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಎಂದು ನಕ್ಕಿತು. ಅವಳ ಹಲ್ಲು ನನ್ನ ಹದಿನಾರು ಬಗೆಯಲ್ಲಿ ಯಾವುದಕ್ಕೂ ಸೇರುವಂಥದ್ದಲ್ಲ. ಅಷ್ಟು ಬಿಳಿ ಹಲ್ಲು ಯಾವ ಬಾಯಲ್ಲೂ ಹುಟ್ಟುವುದಿಲ್ಲ. “ನೀನು ಸುಮ್ಮನಿದ್ರೆ ಅದೇ ದೊಡ್ಡ ಸಹಾಯ” ಎಂದು ಅವಳನ್ನೂ ಮುಚ್ಚಿದೆ.

ಪ್ರತಿ ಪೆಟ್ಟಿಗೆ ಎದ್ದಾಗಲೂ ಪಕ್ಕದಲ್ಲಿ ಅಣ್ಣ ಪೆನ್ನಿನಿಂದ ಮೇಜನ್ನು ಮೂರು ಸಲ ತಟ್ಟುತ್ತಿದ್ದ. ಟಕ್, ಟಕ್, ಟಕ್. ನನಗೆ ತಲೆ ಕೆಟ್ಟು ಹೋಯಿತು. “ಸುಮ್ನಿರಣ್ಣ, ಮಾಡ್ತಿದೀನಲ್ಲ, ನೀನು ಬೇರೆ ಅವಸರ ಮಾಡ್ಬೇಡ” ಎಂದು ಗದರಿದೆ. ಅವನು ಪೆನ್ನು ಕೆಳಗಿಟ್ಟ. ಮುಂದಿನ ಪೆಟ್ಟಿಗೆ ಎದ್ದಾಗ ಮತ್ತೆ ಎತ್ತಿಕೊಂಡ.

ಅರ್ಧ ಅರ್ಜಿ ತುಂಬಿದ್ದೆ. ಇನ್ನೊಂದು ಪೆಟ್ಟಿಗೆ ಬಂತು. ಅಂಚಿನಲ್ಲಿ ಉಬ್ಬಿದ ಮೇಣ ಕಂಡಂತೆ ನನ್ನ ಕೈ ತಾನಾಗಿಯೇ ಹೋಗಿ ಅದನ್ನು ಹಾರಿಸಿತು. ಪೆಟ್ಟಿಗೆಯ ಜೊತೆ ಅರ್ಜಿಯೂ ಹೋಯಿತು. ಆ ಪೆಟ್ಟಿಗೆಯಲ್ಲಿ ಇದ್ದದ್ದು ‘ನಿಮ್ಮ ಅರ್ಜಿ ಅಳಿಸಿಹೋಗುತ್ತದೆ, ಪರವಾಗಿಲ್ಲವೇ?’ ಎಂಬ ಪ್ರಶ್ನೆ ಎಂದು ಸಂಜೆ ಮಗಳು ಫೋನಿನಲ್ಲಿ ವಿವರಿಸಿದಳು. “ಅಮ್ಮಾ, ಮುಚ್ಚೋ ಮೊದ್ಲು ಒಂದ್ಸಲ ಓದ್ಬಾರ್ದಾ?” ಎಂದಳು. ಮತ್ತೆ ಮೊದಲಿಂದ ತುಂಬುವಷ್ಟರಲ್ಲಿ ಹನ್ನೆರಡು ಸ್ಥಾನವೂ ತುಂಬಿದ್ದವು. ಅವತ್ತು ಅತ್ತಿಗೆ ಬಂದಾಗ ನಾನು ತಲೆ ಎತ್ತಲಿಲ್ಲ. ಅವಳು, “ಹೋಗ್ಲಿ ಬಿಡು, ಮೂರು ತಿಂಗಳು ಅಂದ್ರೆ ಎಷ್ಟು ಮಹಾ” ಎಂದು ನನ್ನ ಬೆನ್ನು ಸವರಿದಳು. ಎಷ್ಟು ಮಹಾ ಎನ್ನುವುದು ಅವಳಿಗೂ ಗೊತ್ತಿತ್ತು. ವರ್ಷದಲ್ಲಿ ಉಳಿದದ್ದೇ ಏಳು ತಿಂಗಳು.

ಆ ಮೂರು ತಿಂಗಳಲ್ಲಿ ನಾವೇ ಕಲಿಸಲು ನೋಡಿದೆವು. ಲೋಟ ತೋರಿಸಿ “ಇದೇನು ಹೇಳು” ಎನ್ನುತ್ತಿದ್ದೆ. ಅಣ್ಣನ ತುಟಿ ಅಲುಗುತ್ತಿತ್ತು, ಗಂಟಲು ಏರಿಳಿಯುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. “ಲೋಟ ಅಣ್ಣ, ಲೋಟ” ಎಂದು ನಾನೇ ಹೇಳಿಬಿಡುತ್ತಿದ್ದೆ. ಅವನು ಬಾಯಿ ಮುಚ್ಚಿಕೊಂಡು ತಲೆಯಾಡಿಸುತ್ತಿದ್ದ. ಅವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಅತ್ತಿಗೆ ಒಮ್ಮೆ ಕೈ ತೊಳೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: “ಮನೆ ಬಿಕೋ ಅನ್ನುತ್ತೆ ಕಣೇ. ಹಾಲು ಉಕ್ಕಿ ಹೋದ್ರೂ ಹೇಳೋರಿಲ್ಲ.”

ಎರಡನೇ ಸೋಮವಾರ ಬಂತು. ಈ ಸಲ ನಾನು ತಯಾರಾಗಿದ್ದೆ. ಕೊಡಬೇಕಾದ ವಿವರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಮೇಣ ಕರಗಿಸುವ ದೀಪ ಆರಿಸಿದ್ದೆ, ಅಂಗೈಗೆ ಮೆತ್ತಿದ ಪ್ಲಾಸ್ಟರ್ ತೊಳೆದಿದ್ದೆ. ಅಣ್ಣ ಪಕ್ಕದಲ್ಲಿ, ಕೈಯಲ್ಲಿ ಪೆನ್ನು. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಪರದೆಯ ಮೂಲೆಯಲ್ಲಿ ‘ಉಳಿದ ಸ್ಥಾನಗಳು: 12’ ಎಂದು ಕಾಣಿಸಿತು.

ಮತ್ತೆ ಅದೇ ದಂಡು. ಸ್ವಾಗತ, ಕುಕೀ, ವಾರ್ತಾಪತ್ರ, ನಕ್ಷತ್ರ, ಬಿಳಿ ಹಲ್ಲಿನವಳು. ಎಲ್ಲಕ್ಕೂ ಅಣ್ಣನ ಟಕ್ ಟಕ್ ಟಕ್. ಈ ಸಲ ಓದಿಯೇ ಮುಚ್ಚುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೆ. ಮೊದಲ ಎರಡನ್ನು ಓದಿದೆ ಕೂಡ. ಅಷ್ಟರಲ್ಲಿ ಮೂಲೆಯ ಅಂಕಿ ಒಂಬತ್ತಕ್ಕೆ ಇಳಿಯಿತು. ಕೊಟ್ಟ ಮಾತು ಗಾಳಿಗೆ ಹೋಯಿತು. ವಯಸ್ಸು, ವಿಳಾಸ, ಕಾಯಿಲೆ ಬಂದ ದಿನ, ಡಾಕ್ಟರ ಚೀಟಿ, ಒಂದೊಂದೇ ತುಂಬುತ್ತ, ಮಧ್ಯೆ ಎದ್ದ ಪೆಟ್ಟಿಗೆಗಳ ಕೊರಳು ಹಿಸುಕುತ್ತ ಹೋದೆ. ಎಂಟು. ‘ನೀವು ಇನ್ನೂ ಇದ್ದೀರಾ?’ ಎಂದು ಒಂದು ಪೆಟ್ಟಿಗೆ ಕೇಳಿತು. “ಸತ್ತಿಲ್ಲ” ಎಂದು ಮುಚ್ಚಿದೆ. ಆರು.

ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ‘ರೋಗಿ ಯಾವುದಾದರೂ ಮಾತು ಆಡುತ್ತಾರೆಯೇ?’ ಹೌದು, ಇಲ್ಲ, ಎರಡರಲ್ಲಿ ಒಂದನ್ನು ಒತ್ತಬೇಕು. ನನ್ನ ಕೈ ಮೊದಲ ಸಲ ನಿಂತಿತು. ಪಕ್ಕದಲ್ಲೇ ಕೂತಿದ್ದಾನೆ, ನೋಡುತ್ತಿದ್ದಾನೆ. ಎಂಟು ತಿಂಗಳಿಂದ ಒಂದು ಅಕ್ಷರ ಆ ಬಾಯಿಂದ ಬಂದಿಲ್ಲ. ಅವನ ಮುಖ ನೋಡದೆ ‘ಇಲ್ಲ’ ಒತ್ತಿದೆ. ನಾಲ್ಕು.

‘ಸಲ್ಲಿಸಿ’ ಎನ್ನುವುದನ್ನು ಒತ್ತಿದೆ. ಆಗ ಅದು ಎದ್ದಿತು.

ಬಿಳಿಯ ಪೆಟ್ಟಿಗೆ. ತಲೆಯ ಮೇಲೆ ದಪ್ಪಕ್ಷರದಲ್ಲಿ ‘ದಯವಿಟ್ಟು ಗಮನಿಸಿ’. ಅದರ ಕೆಳಗೆ ನಾಲ್ಕೈದು ಸಾಲು. ನನ್ನ ಕೈ ಬಲ ಮೇಲ್ಮೂಲೆಗೆ ಹೋಯಿತು, ಅಲ್ಲಿ ಮುಚ್ಚುವ ಗುರುತೇ ಇರಲಿಲ್ಲ. ಎಡಮೂಲೆ ನೋಡಿದೆ, ಇಲ್ಲ. ಪೆಟ್ಟಿಗೆಯ ಹೊರಗೆ ಒತ್ತಿದೆ, ಜಗ್ಗಲಿಲ್ಲ. ಕೆಳಗೆ ‘ಮುಂದುವರಿಯಿರಿ’ ಎಂದು ಒಂದು ಗುಂಡಿ ಇತ್ತು. ಬೂದಿ ಬಣ್ಣದ್ದು, ಒತ್ತಿದರೂ ಒತ್ತಿಸಿಕೊಳ್ಳದು. ಅದರ ಪಕ್ಕದಲ್ಲಿ ‘ದಯವಿಟ್ಟು ಪೂರ್ತಿ ಓದಿ, ಇನ್ನು 40 ಸೆಕೆಂಡು’ ಎಂದು ಅಂಕಿ ಇಳಿಯುತ್ತಿತ್ತು. ಮೂಲೆಯಲ್ಲಿ ಉಳಿದ ಸ್ಥಾನ ಮೂರು.

ಆ ನಲವತ್ತು ಸೆಕೆಂಡಿನಲ್ಲಿ ನಾನು ಅದನ್ನು ಓದಬಹುದಿತ್ತು. ಓದಲಿಲ್ಲ. ಆ ಪೆಟ್ಟಿಗೆ ಮಾಡಿದವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತ, ಅವರ ಹಲ್ಲೆಲ್ಲ ಉದುರಿ ನನ್ನ ಹತ್ತಿರವೇ ಸೆಟ್ಟು ಮಾಡಿಸಲು ಬರಲಿ, ಆಗ ನೋಡಿಕೊಳ್ಳುತ್ತೇನೆ ಎನ್ನುತ್ತ, ಬೂದಿ ಗುಂಡಿಯ ಮೇಲೆ ಬೆರಳಿಟ್ಟು, ಅದು ಬಣ್ಣಕ್ಕೆ ತಿರುಗಿದ ಕ್ಷಣ ಒತ್ತಲು ತುದಿಗಾಲಲ್ಲಿ ಕೂತಿದ್ದೆ.

ಪಕ್ಕದಲ್ಲಿ ಮೂರು ಸಲ ತಟ್ಟಿದ ಸದ್ದು. ಟಕ್. ಟಕ್. ಟಕ್.

ಗದರಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ನೋಡುತ್ತಿದ್ದ. ಅವನ ಕಣ್ಣು ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯಿತು. ಕೊನೆ ಮುಟ್ಟಿ, ಮತ್ತೆ ಮೇಲಕ್ಕೆ ಹೋಗಿ, ಎರಡನೇ ಸಲ ಇಳಿಯಿತು. ಎರಡನೇ ಸಲ ಓದುತ್ತಿದ್ದಾನೆ ಎಂದು ಅರ್ಥವಾಗುವ ಹೊತ್ತಿಗೆ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರೆಳೆದುಕೊಂಡಿದ್ದ.

“ದಯವಿಟ್ಟು ಗಮನಿಸಿ” ಎಂದ.

ದನಿ ಒರಟಾಗಿತ್ತು, ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ. ಆದರೆ ಅದೇ ದನಿ. ಅದೇ ಏರು, ‘ಗಮನಿಸಿ’ಯ ಕೊನೆಯಲ್ಲಿ ಅದೇ ಇಳಿತ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ಇನ್ಯಾರೋ ಹೇಳಿದರೇನೋ ಎಂದು ಸುತ್ತ ನೋಡಿದೆ. ಅಣ್ಣನೂ ಸುತ್ತ ನೋಡಿದ.

“ಅಣ್ಣ, ಏನಂದೆ?”

ಅವನು ಉತ್ತರ ಕೊಡಲು ಬಾಯಿ ತೆರೆದ, ಬರಲಿಲ್ಲ. ಪೆನ್ನೆತ್ತಿ ಪರದೆಯತ್ತ ತೋರಿಸಿದ. ತೋರಿಸಿ, ಮತ್ತೆ ಮೂರು ಸಲ ತಟ್ಟಿದ. ಗುಂಡಿ ಅಷ್ಟರಲ್ಲಿ ಹಸಿರಾಗಿತ್ತು, ನನ್ನ ಬೆರಳು ಅದರ ಮೇಲೇ ಇತ್ತು. ಬೆರಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಜೀವಮಾನದಲ್ಲಿ ಮೊದಲ ಸಲ, ಮುಚ್ಚುವ ಅವಸರವಿಲ್ಲದೆ, ಒಂದು ಪೆಟ್ಟಿಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದೆ.

‘ದಯವಿಟ್ಟು ಗಮನಿಸಿ. ಈ ತರಬೇತಿ ಗುಂಪಿನಲ್ಲಿ ನಡೆಯುವುದರಿಂದ, ಕನಿಷ್ಠ ಒಂದು ಪದವನ್ನಾದರೂ ಆಡಬಲ್ಲವರಿಗೆ ಮಾತ್ರ ಅವಕಾಶವಿದೆ. ನೀವು ‘ಇಲ್ಲ’ ಎಂದು ಉತ್ತರಿಸಿದ್ದೀರಿ. ಮುಂದುವರಿದರೆ ನಿಮ್ಮ ಅರ್ಜಿ ಮುಂದಿನ ವರ್ಷ ಆರಂಭವಾಗಲಿರುವ ಬೇರೊಂದು ವಿಭಾಗದ ಪಟ್ಟಿಗೆ ಹೋಗುತ್ತದೆ. ಉತ್ತರ ಬದಲಿಸಲು ‘ಹಿಂದಕ್ಕೆ’ ಒತ್ತಿ.’

ನಾನೂ ಎರಡು ಸಲ ಓದಿದೆ. ಅಣ್ಣ ಕಾದ.

ಆಗ ನನಗೆ ಎಲ್ಲ ಒಟ್ಟಿಗೆ ತಲೆಗೆ ಹೋಯಿತು. ಅವನು ತಟ್ಟುತ್ತಿದ್ದದ್ದು ಅವಸರ ಮಾಡಲು ಅಲ್ಲ. ಮೂವತ್ತೆರಡು ವರ್ಷ ಕಿಂಡಿಯಿಂದ ಬರುತ್ತಿದ್ದ ಚೀಟಿ ಈಗ ಪರದೆಯ ಮೇಲೆ ಬರುತ್ತಿತ್ತು, ತಲೆಯ ಮೇಲೆ ಅದೇ ಎರಡು ಪದ ಹೊತ್ತುಕೊಂಡು. ಅವನು ಪ್ರತಿ ಸಲ ತಟ್ಟಿ ಓದಲು ಶುರು ಮಾಡುತ್ತಿದ್ದ. ಅವನ ಎರಡನೇ ಓದು ಮುಗಿಯುವ ಮೊದಲು ನಾನು ಚೀಟಿ ಕಿತ್ತುಕೊಳ್ಳುತ್ತಿದ್ದೆ. ಲೋಟ ತೋರಿಸಿ ಲೋಟ ಎಂದು ನಾನೇ ಹೇಳುತ್ತಿದ್ದಾಗಲೂ ಮಾಡಿದ್ದು ಅದನ್ನೇ. ಎಂಟು ತಿಂಗಳಲ್ಲಿ ನಾನು ಮುಚ್ಚಲಾಗದೆ ಹೋದದ್ದು ಈ ಒಂದು ಪೆಟ್ಟಿಗೆ. ಇದು ಅವನಿಗೆ ನಲವತ್ತು ಸೆಕೆಂಡು ಕೊಟ್ಟಿತು. ನಾನು ಅಷ್ಟನ್ನೂ ಕೊಟ್ಟಿರಲಿಲ್ಲ.

ಕಣ್ಣು ತುಂಬಿ ಪರದೆ ಮಂಜಾಯಿತು. ಆದರೆ ಮೂಲೆಯಲ್ಲಿ ಸ್ಥಾನ ಎರಡಕ್ಕೆ ಇಳಿದಿತ್ತು, ಅಳುತ್ತ ಕೂರುವ ಹೊತ್ತಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು ‘ಹಿಂದಕ್ಕೆ’ ಒತ್ತಿದೆ. ‘ಇಲ್ಲ’ ಎನ್ನುವುದನ್ನು ತೆಗೆದು ‘ಹೌದು’ ಎಂದು ಮಾಡಿದೆ. ಕೂಡಲೇ ಕೆಳಗೆ ಇನ್ನೊಂದು ಖಾಲಿ ಜಾಗ ತೆರೆದುಕೊಂಡಿತು: ‘ಆಡುವ ಪದಗಳನ್ನು ಬರೆಯಿರಿ.’

“ದಯವಿಟ್ಟು ಗಮನಿಸಿ” ಎಂದು ಬರೆದೆ. ಬರೆದು ಅಣ್ಣನ ಮುಖ ನೋಡಿದೆ. “ಸರಿ ಇದೆಯಾ?” ಎಂದು ಕೇಳಿದೆ. ಅವನು ಎರಡು ಸಲ ಓದಿ ತಲೆಯಾಡಿಸಿದ.

ಸಲ್ಲಿಸಿದೆ. ‘ನೀವು ಖಚಿತವಾಗಿದ್ದೀರಾ?’ ಎಂದು ಇನ್ನೊಂದು ಪೆಟ್ಟಿಗೆ ಎದ್ದಿತು. ಅಣ್ಣ ತಟ್ಟಿದ, ಓದಿದ. ಅವನು ಮುಗಿಸುವವರೆಗೆ ನಾನು ಮೌಸಿನಿಂದ ಕೈ ತೆಗೆದು ಕೂತೆ. ಹಲ್ಲು ಕಚ್ಚಿಕೊಂಡು ಕೂತೆ ಎಂದರೂ ಸರಿಯೇ. ಅವನು ತಲೆಯಾಡಿಸಿದ ಮೇಲೆ ‘ಹೌದು’ ಒತ್ತಿದೆ. ಕೊನೆಯದಾಗಿ ಒಂದು ಹಸಿರು ಪೆಟ್ಟಿಗೆ ಬಂತು: ‘ಧನ್ಯವಾದಗಳು. ನಿಮಗೆ ಹನ್ನೆರಡನೇ ಸ್ಥಾನ ಸಿಕ್ಕಿದೆ.’ ಮೂಲೆಯ ಅಂಕಿ ಸೊನ್ನೆಯಾಗಿತ್ತು. ಆ ಪೆಟ್ಟಿಗೆಗೆ ಮುಚ್ಚುವ ಗುರುತು ಇತ್ತು. ನಾನು ಮುಚ್ಚಲಿಲ್ಲ. ಧನ್ಯವಾದ ಹೇಳಬೇಕಾದವಳು ನಾನು, ಅದೇ ಹೇಳುತ್ತಿದೆ, ಇರಲಿ ಎಂದು ಬಿಟ್ಟೆ.

ಆಮೇಲೆ ಅಣ್ಣನ ಕಡೆ ತಿರುಗಿ ಕೂತೆ. “ಹಸಿರು ಕೊಡೆ ನೆನಪಿದೆಯಾ?” ಎಂದು ಕೇಳಿದೆ. ಅವನ ಬಾಯಿಯ ಎಡಮೂಲೆ ಮೇಲೆದ್ದಿತು. “ಅವತ್ತು ಇಳಿಸಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ಇಪ್ಪತ್ತಾರು ವರ್ಷ ಲೇಟಾಯ್ತು” ಎಂದೆ. ಅವನು ಎಡಗೈ ಚಾಚಿ ನನ್ನ ತಲೆಯ ಮೇಲೆ ಮೆಲ್ಲಗೆ ಪೆನ್ನಿನಿಂದ ತಟ್ಟಿದ. ಒಂದೇ ಸಲ.

ಅತ್ತಿಗೆಗೆ ಫೋನ್ ಮಾಡಿದೆ. ಕೌಂಟರಿನಲ್ಲಿ ಕೂತಿರುವಾಗ ಅವಳು ಫೋನ್ ಎತ್ತುವಂತಿಲ್ಲ; ಆದರೆ ಎಂಟು ತಿಂಗಳಿಂದ ನನ್ನ ನಂಬರು ಕಂಡರೆ ಎತ್ತುತ್ತಾಳೆ. ಅದು ಹೊಡೆದುಕೊಳ್ಳುತ್ತಿರುವಾಗಲೇ ಹಲ್ಲಿನ ಡಬ್ಬಿಯ ಮೇಲಿನ ಚೀಟಿಯೊಂದನ್ನು ಕಿತ್ತು, ಹಿಂದುಗಡೆ ದಪ್ಪಕ್ಷರದಲ್ಲಿ ಎರಡು ಪದ ಬರೆದು, ಮೇಜಿನ ಮೇಲೆ ಅಣ್ಣನ ಕಡೆಗೆ ತಳ್ಳಿದೆ, ಕಿಂಡಿಯಿಂದ ತಳ್ಳುವ ಹಾಗೆ. ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದೆ.

“ಹಲೋ? ಏನಾಯ್ತೇ?” ಅತ್ತಿಗೆಯ ದನಿ. “ಅವ್ರು ಹುಷಾರಾಗಿದಾರಾ? ಅರ್ಜಿ ಏನಾಯ್ತು?”

ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಸ್ಥಾನ ಸಿಕ್ಕಿತು, ಅಣ್ಣ ಮಾತಾಡಿದ, ನೀನು ಅಳಬೇಡ. ನಾಲಿಗೆ ಕಚ್ಚಿಕೊಂಡೆ. ನಿಜವಾಗಿಯೂ ಕಚ್ಚಿಕೊಂಡೆ, ನೋವಾಗುವಷ್ಟು.

ಅಣ್ಣ ಮೇಜನ್ನು ಮೂರು ಸಲ ತಟ್ಟಿದ.

ಅತ್ತ ಕಡೆ ಅತ್ತಿಗೆಯ ಮಾತು ತಟ್ಟನೆ ನಿಂತಿತು. ಅವಳ ಸುತ್ತಲಿನ ಸದ್ದು ಮಾತ್ರ ಕೇಳುತ್ತಿತ್ತು: ಬಸ್ಸುಗಳ ಇಂಜಿನ್ನು, ಯಾರದೋ ಕೆಮ್ಮು, ಸಾಲಿನಲ್ಲಿ ನಿಂತವರ ಗೊಣಗಾಟ. ಅಣ್ಣ ಚೀಟಿಯನ್ನು ಒಮ್ಮೆ ಓದಿದ. ಅವನ ತುಟಿ ಅಲುಗಿತು, ಗಂಟಲು ಏರಿಳಿಯಿತು. ಎರಡನೇ ಸಲ ಓದಿದ. ಎಷ್ಟು ಹೊತ್ತಾಯಿತೋ ನಾನು ಲೆಕ್ಕ ಇಡಲಿಲ್ಲ. ನಲವತ್ತು ಸೆಕೆಂಡಿಗಿಂತ ಹೆಚ್ಚೇ ಇರಬೇಕು.

“ದಯವಿಟ್ಟು ಗಮನಿಸಿ” ಎಂದ ಅಣ್ಣ.

ಆಮೇಲೆ ಅತ್ತಿಗೆ ಕೌಂಟರಿನಲ್ಲಿದ್ದವರಿಗೆ, “ಸ್ವಲ್ಪ ತಾಳಿ, ಪ್ರಕಟಣೆ ಬರ್ತಿದೆ” ಎಂದು ಹೇಳಿದ್ದು ಕೇಳಿಸಿತು. ಮತ್ತೆ ಫೋನಿನ ಹತ್ತಿರ ಬಂದಳು.

“ಗಮನಿಸ್ತಿದೀನಿ” ಎಂದಳು. “ನಿಧಾನಕ್ಕೆ ಹೇಳಿ. ಬಸ್ಸು ಹೋದ್ರೆ ಹೋಗ್ಲಿ.”

ಅಣ್ಣ ಪೆನ್ನು ಎತ್ತಿಕೊಂಡು ಮತ್ತೆ ಮೂರು ಸಲ ತಟ್ಟಿದ. ನಾವಿಬ್ಬರೂ ಕಾದೆವು.